ಸೆಟ್ಟು ನಮ್ಮದು, ಸಿಮ್ಮು ಯಾರದೋ

ನಮ್ಮ ಪಕ್ಕದ ಮನೆ ರಾಯರಿಗೆ ಮೊಬೈಲ್ ಕಂಪನಿಗಳ ಮೇಲೆ ಇರುವಷ್ಟು ಸಿಟ್ಟು ಇನ್ನು ಯಾರ ಮೇಲೂ ಇಲ್ಲ. ಕೆಇಬಿಯಲ್ಲಿ ಇದ್ದಷ್ಟು ಕಾಲವೂ "ಕರೆಂಟ್ ಯಾವಾಗ್ರೀ ಬರುತ್ತೆ" ಅಂತ ಊರವರಿಂದ ಬೈಸಿಕೊಂಡು ನಿವೃತ್ತರಾದವರು. ಆ ಬಾಕಿಯನ್ನು ಈಗ ಬಡ್ಡಿ ಸಮೇತ ಮೊಬೈಲಿನವರ ಮೇಲೆ ತೀರಿಸಿಕೊಳ್ಳುತ್ತಿದ್ದಾರೆ ಅನ್ನುವುದು ನನ್ನ ಗುಮಾನಿ. ಬೆಳಿಗ್ಗೆ ಕಾಂಪೌಂಡ್ ಗೋಡೆಯಾಚೆ ದಾಸವಾಳ ಕೀಳಲು ನಿಂತರೆಂದರೆ ಅವರ ಪೂಜೆ ತಡ, ನನ್ನ ಕಾಫಿ ತಣ್ಣಗೆ.

"ಏನ್ ಸ್ವಾಮಿ, ಪಾತ್ರೆ ಕೊಂಡ ಅಂಗಡೀಲೇ ಎರಡು ವರ್ಷ ಅಕ್ಕೀನೂ ಕೊಳ್ತೀನಿ ಅಂತ ಬರಕೊಡಿ ಅಂದ್ರೆ ನೀವು ಬರಕೊಡ್ತೀರಾ?" ಎಂದರು ಒಂದು ದಿನ.

"ಯಾವ ಪಾತ್ರೆ?"

"ಪಾತ್ರೆ ಹಾಳಾಗ್ಲಿ, ಫೋನ್ ವಿಷಯ ಹೇಳ್ತಿರೋದು. ಅಮೆರಿಕದೋರು ಬರಕೊಟ್ರಲ್ಲ! ನಮ್ಮ ಹುಡುಗೀನೂ ಬರಕೊಟ್ಲು."

ಹುಡುಗಿ ಅಂದರೆ ಅವರ ಮಗಳು, ನ್ಯೂಜೆರ್ಸಿಯಲ್ಲಿ ಇರುವವಳು. ಅವಳಿಗೂ ಕಾಲೇಜಿಗೆ ಹೋಗುವ ಮಕ್ಕಳಿದ್ದಾರೆ, ರಾಯರಿಗೆ ಮಾತ್ರ ಇನ್ನೂ ಹುಡುಗಿ.

ರಾಯರು ಹೇಳುವುದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ. ಮೊದಲ ಐಫೋನ್ ಅಮೆರಿಕದ ಅಂಗಡಿಗಳಿಗೆ ಬಂದದ್ದು 2007ರ ಜೂನ್ 29ರಂದು. ಜನ ಹಿಂದಿನ ರಾತ್ರಿಯೇ ಬೀದಿಯಲ್ಲಿ ಮಲಗಿ ಸಾಲು ನಿಂತು ಕೊಂಡರು. ಕೊಂಡದ್ದೇನೋ ಸರಿ, ಮಾತಾಡಬೇಕಾದರೆ ಎಟಿ ಆ್ಯಂಡ್ ಟಿ ಕಂಪನಿಯೊಂದೇ ಗತಿ. ಬೇರೆ ಕಂಪನಿಯ ಗಿರಾಕಿ ಆಗಿದ್ದರೆ ಅದನ್ನು ಬಿಟ್ಟು ಇಲ್ಲಿಗೆ ಬರಬೇಕು, ಇಲ್ಲವೇ ಆ ಫೋನಿನ ಆಸೆ ಬಿಡಬೇಕು. ಮರುವರ್ಷದಿಂದ 199 ಡಾಲರಿಗೇ ಫೋನ್ ಕೊಡತೊಡಗಿದರು. ಅಗ್ಗವಾಯಿತೆಂದು ಹಿಗ್ಗಿದವರು ಕಾಗದದ ಕೆಳಗಿನ ಸಣ್ಣ ಅಕ್ಷರ ಓದಬೇಕಿತ್ತು: ಎರಡು ವರ್ಷದ ಕರಾರು. ನಡುವೆ ಬಿಟ್ಟುಹೋದರೆ ದಂಡ. 2010ರ ಹೊತ್ತಿಗೆ ಆ ದಂಡವೇ 325 ಡಾಲರಿನವರೆಗೆ ಏರಿತ್ತು, ಅಂದರೆ ಫೋನಿಗೆ ಕೈಯಿಂದ ಕೊಟ್ಟದ್ದಕ್ಕಿಂತ ಹೆಚ್ಚು.

ಆ್ಯಪಲ್‌ನವರು ಮೊದಲು ವೆರೈಝನ್ ಕಂಪನಿಯನ್ನೇ ಕೇಳಿದ್ದರಂತೆ. ಫೋನಿನ ಮೇಲೂ ಅದರ ಮಾರಾಟದ ಮೇಲೂ ನಮ್ಮ ಹಿಡಿತ ಇಲ್ಲದಿದ್ದರೆ ನಮಗೆ ಬೇಡವೇ ಬೇಡ ಎಂದರಂತೆ ಅವರು. ಆಮೇಲೆ ನ್ಯೂಯಾರ್ಕ್, ಸ್ಯಾನ್‌ಫ್ರಾನ್ಸಿಸ್ಕೊಗಳಲ್ಲಿ ಐಫೋನಿಟ್ಟುಕೊಂಡವರ ಕರೆಗಳು ನಡುವೆಯೇ ಕಡಿದುಹೋಗುವುದು ಟೀವಿ ಹಾಸ್ಯದವರಿಗೆ ನಿತ್ಯದ ಅನ್ನವಾಯಿತು. ವೆರೈಝನ್‌ನವರು ಸುಮ್ಮನಿರುತ್ತಾರೆಯೇ? ಎರಡೂ ಕಂಪನಿಗಳ 3ಜಿ ಹರಡಿಕೊಂಡ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ಜಾಹೀರಾತು ಹಾಕಿದರು. ಅವರಲ್ಲಿ ಕನ್ನಡಕದ ಒಬ್ಬ ನಟ ಊರೂರು ಅಲೆಯುತ್ತ "ಈಗ ಕೇಳಿಸ್ತಿದೆಯಾ?" ಎಂದು ಫೋನಿನಲ್ಲಿ ಕೇಳುವ ಜಾಹೀರಾತು ವರ್ಷಗಟ್ಟಲೆ ಓಡಿತ್ತು. 2016ರಲ್ಲಿ ಆ ಮನುಷ್ಯನೇ ಸ್ಪ್ರಿಂಟ್ ಕಂಪನಿಯ ಜಾಹೀರಾತಿನಲ್ಲಿ ಕಾಣಿಸಿಕೊಂಡು, ನಾನು ಬದಲಾಯಿಸಿಬಿಟ್ಟೆ ಎಂದ. ನಮ್ಮಲ್ಲೂ ಹಚ್ ನಾಯಿ ಇತ್ತಲ್ಲ, ಹುಡುಗನ ಹಿಂದೆ ಹಿಂದೆ ಓಡುವ ಆ ಪಗ್. ಅದಕ್ಕೆ ಅಷ್ಟು ಕಷ್ಟವಾಗಲಿಲ್ಲ. 2007ರಲ್ಲಿ ಕಂಪನಿಯೇ ಹೆಸರು ಬದಲಿಸಿ ವೊಡಾಫೋನ್ ಆಯಿತು, ನಾಯಿ ಕೂತಲ್ಲೇ ಕೂತಿತ್ತು.

"ಒಂದು ಫೋನನ್ನ ಇನ್ನೊಂದು ಕಂಪನಿಗೆ ಕೊಡೋಕೆ ಅಷ್ಟು ವರ್ಷ ಬೇಕಿತ್ತಾ?" ಎಂದು ನಾನು ಕೇಳಿದೆ. ಕೇಳಬಾರದಿತ್ತು. ರಾಯರೊಳಗಿನ ಇಂಜಿನಿಯರು ಎದ್ದು ಕೂತರು.

ಕರಾರಿನ ಮಾತು ಒಂದು ಕಡೆ ಇರಲಿ, ಯಂತ್ರದ ತಂಟೆಯೂ ಇತ್ತು. ಜಿಎಸ್‌ಎಂ ಎಂಬ ಪದ್ಧತಿಯಲ್ಲಿ ನಿಮ್ಮ ಕುಲಗೋತ್ರವೆಲ್ಲ ಸಿಮ್ಮಿನಲ್ಲಿ. ಅದನ್ನು ತೆಗೆದು ಯಾವ ಸೆಟ್ಟಿಗೆ ಹಾಕಿದರೂ ನಂಬರು ನಿಮ್ಮದೇ. ಸಿಡಿಎಂಎ ಎಂಬ ಇನ್ನೊಂದು ಪದ್ಧತಿಯಲ್ಲಿ ಸಿಮ್ಮೇ ಬೇಕಿರಲಿಲ್ಲ, ನಂಬರನ್ನು ಸೆಟ್ಟಿನೊಳಗೇ ಬರೆದು ಕೊಡುತ್ತಿದ್ದರು. ವೆರೈಝನ್, ಸ್ಪ್ರಿಂಟ್ ಎರಡೂ ಸಿಡಿಎಂಎ ಪಂಗಡ. ಹಾಗಾಗಿ ಎಟಿ ಆ್ಯಂಡ್ ಟಿಯ ಐಫೋನನ್ನು ಬೀಗ ತೆಗೆದು ಕೈಗಿಟ್ಟರೂ ವೆರೈಝನ್‌ನವರಿಗೆ ಅದು ಕೆಲಸಕ್ಕೆ ಬಾರದು. ಅವರಿಗೆಂದೇ ಬೇರೆ ಐಫೋನ್ ಮಾಡಬೇಕಾಯಿತು. ಅದು ಬಂದದ್ದು 2011ರ ಫೆಬ್ರುವರಿ 10ಕ್ಕೆ. ಅದರಲ್ಲೂ ಒಂದು ಊನ, ಮಾತಾಡುತ್ತಿರುವಾಗ ಇಂಟರ್‌ನೆಟ್ ನಿಂತುಹೋಗುತ್ತಿತ್ತು. ನಕ್ಷೆ ತೋರಿಸಿ ನಕ್ಕವರನ್ನು ಎಟಿ ಆ್ಯಂಡ್ ಟಿಯವರು ಇದನ್ನು ತೋರಿಸಿ ನಕ್ಕರು. ಅದೇ ವರ್ಷ ಅಕ್ಟೋಬರಿನಲ್ಲಿ ಸ್ಪ್ರಿಂಟ್‌ಗೂ ಬಂತು. ಟಿ-ಮೊಬೈಲ್‌ಗೆ ಸಿಕ್ಕಿದ್ದು ಎಲ್ಲರ ಊಟವಾದ ಮೇಲೆ, 2013ರ ಏಪ್ರಿಲ್‌ನಲ್ಲಿ. ಅಷ್ಟರೊಳಗೆ ಬೀಗ ಒಡೆದ ಐಫೋನುಗಳು ಲಕ್ಷಗಟ್ಟಲೆ ಅವರ ಜಾಲದಲ್ಲಿ ಕುಂಟುತ್ತ ಓಡಾಡುತ್ತಿದ್ದವು, ಕೊಡದಿದ್ದರೆ ಬಿಟ್ಟವರಾರು ಎಂಬಂತೆ.

ನಮಗೆ ಕನ್ನಡನಾಡಿನವರಿಗೆ ಸಿಡಿಎಂಎ ಸಂಕಟ ಹೊಸದೇನಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಮೊಬೈಲು ಅಂದರೆ ಜೆಟಿಎಂ, ಸ್ಪೈಸ್ ಎರಡೇ. ಒಳಬರುವ ಕರೆಗೂ ದುಡ್ಡು. ಫೋನ್ ಬಂದರೆ ಕಟ್ ಮಾಡಿ ಓಡಿಹೋಗಿ ಎಸ್‌ಟಿಡಿ ಬೂತಿನಿಂದ ತಿರುಗಿ ಮಾಡುವವರಿದ್ದರು. 2003ರ ಮಳೆಗಾಲದಲ್ಲಿ ರಿಲಯನ್ಸ್‌ನವರು 501 ರೂಪಾಯಿ ಮುಂಗಡಕ್ಕೆ ಸೆಟ್ಟು ಕೊಡುತ್ತೇವೆ ಎಂದಾಗ ಎಲ್ಲೆಲ್ಲೂ ಜನ ಮುಗಿಬಿದ್ದರು. ಹೂವಿನವರು, ಆಟೋದವರು, ಅಡುಗೆ ಕಂಟ್ರಾಕ್ಟರು, ಎಲ್ಲರ ಸೊಂಟದಲ್ಲೂ ಅದೇ ಸೆಟ್ಟು. ಸಿಮ್ ಹಾಕುವ ಜಾಗವೇ ಇಲ್ಲದ ಸೆಟ್ಟು. ಕಂಪನಿ ಬೇಡವಾದರೆ ಸೆಟ್ಟೂ ಬೇಡ, ಮಕ್ಕಳಿಗೆ ಆಡಲು ಕೊಡಬೇಕು. ಜನರೇನು ಕಡಿಮೆಯೇ? ತಿಂಗಳುಗಟ್ಟಲೆ ಮಾತಾಡಿ, ಬಿಲ್ಲು ಕಟ್ಟದೆ, ವಿಳಾಸ ಬದಲಿಸಿದರು. ಆ ಬಾಕಿ ವಸೂಲಿ ಕಂಪನಿಗೆ ದೊಡ್ಡ ತಲೆನೋವಾಯಿತು.

ಅದೊಂದು ಬಿಟ್ಟರೆ ನಮ್ಮಲ್ಲಿ ಸೆಟ್ಟಿನ ಅಂಗಡಿ ಬೇರೆ, ಸಿಮ್ಮಿನ ಅಂಗಡಿ ಬೇರೆ. ನೋಕಿಯಾ ಸೆಟ್ಟನ್ನು ಪೂರ್ತಿ ದುಡ್ಡು ಎಣಿಸಿಕೊಟ್ಟು ತರುವುದು, ಬೀದಿ ತುದಿಯಲ್ಲಿ ಕೊಡೆ ಹಾಕಿಕೊಂಡು ಕೂತ ಹುಡುಗನ ಹತ್ತಿರ ಸಿಮ್ ತಗೊಳ್ಳುವುದು, ಹತ್ತು ರೂಪಾಯಿ ಕರೆನ್ಸಿ ಹಾಕಿಸುವುದು, ಅದು ಮುಗಿಯುವವರೆಗೂ ಮಿಸ್ಡ್ ಕಾಲ್ ಕೊಟ್ಟುಕೊಂಡೇ ಸಂಸಾರ ಮಾಡುವುದು. ಅಮೆರಿಕದವರಿಗಿಲ್ಲದ ಸ್ವಾತಂತ್ರ್ಯ ನಮಗಿತ್ತು ಎಂದು ರಾಯರು ಬೀಗುತ್ತಾರೆ. ನನಗೇನೋ ಇದು ಯಾರೂ ಹೋರಾಡಿ ತಂದ ಸ್ವಾತಂತ್ರ್ಯ ಅನ್ನಿಸುವುದಿಲ್ಲ. ಎರಡು ವರ್ಷ ನಾವು ತಪ್ಪದೆ ಬಿಲ್ಲು ಕಟ್ಟುತ್ತೇವೆ ಎಂದು ನಂಬಿ ಸಾಲದ ಮೇಲೆ ಫೋನ್ ಕೊಡುವ ಧೈರ್ಯ ಕಂಪನಿಗಳಿಗಿರಲಿಲ್ಲ, ಅಷ್ಟೆ. ಮುಂಗಡ ದುಡ್ಡಿನ ಗಿರಾಕಿಗೆ ಯಾವ ಕರಾರು?

ಈ ನೆಮ್ಮದಿಗೂ ಒಮ್ಮೆ ಕಲ್ಲು ಬಿತ್ತು. 2008ರ ಆಗಸ್ಟ್ 22ಕ್ಕೆ ಐಫೋನ್ 3ಜಿ ಏರ್‌ಟೆಲ್, ವೊಡಾಫೋನ್ ಮೂಲಕ ಇಂಡಿಯಾಕ್ಕೆ ಬಂತು. ಬೆಲೆ 31,000 ರೂಪಾಯಿ. ಅದೇ ಫೋನ್ ಅಲ್ಲಿ 199 ಡಾಲರ್, ಆಗಿನ ಲೆಕ್ಕದಲ್ಲಿ ಒಂಬತ್ತು ಸಾವಿರದ ಒಳಗೆ. ಅಲ್ಲಿಯವರು ಅಗ್ಗಕ್ಕೆ ಕೊಂಡು ಕಟ್ಟುಬಿದ್ದರು. ನಮ್ಮವರು ಪೂರ್ತಿ ದುಡ್ಡು ಸುರಿದೂ ಕಂಪನಿಗೆ ಕಟ್ಟುಬಿದ್ದರು. 2011ರ ಮೇ ತಿಂಗಳಲ್ಲಿ ಐಫೋನ್ 4 ತರುವಾಗ ಏರ್‌ಟೆಲ್ ಜೊತೆಗೆ ಏರ್‌ಸೆಲ್ ಬಂತು. ಇನ್ನೊಂದು ಕಂಪನಿಯಲ್ಲೂ ಸಿಗುತ್ತದೆ ಎಂದು ಪೇಪರಿನಲ್ಲಿ ಸುದ್ದಿಯಾಯಿತು. ಸಿಗುತ್ತದೆ ಅಂದರೆ ಯಾರಿಗೆ? ನಮ್ಮ ಬೀದಿಯಲ್ಲಂತೂ ಯಾರೂ ಕೊಳ್ಳಲಿಲ್ಲ.

ಕೊಳ್ಳಲಿಲ್ಲ, ಆದರೆ ಬಂತು. ರಾಯರ ಅಳಿಯಂದಿರು ಹೊಸ ಫೋನ್ ತಗೊಂಡು, ಹಳೆಯ ಐಫೋನನ್ನು ಮಾವನವರಿಗೆ ಅಂತ ಬಾದಾಮಿ ಪೊಟ್ಟಣ, ವಿಟಮಿನ್ ಡಬ್ಬಿ, ಚಾಕಲೇಟುಗಳ ನಡುವೆ ಸೂಟ್‌ಕೇಸಿನಲ್ಲಿಟ್ಟು ಕಳಿಸಿದರು. ಕಂಪನಿಯ ಬೀಗ ಹಾಗೇ ಇತ್ತು. ರಾಯರು ಮೈಸೂರಿನ ಸಿಮ್ ಹಾಕಿದರೆ ಒಳಗೇ ಹೋಗದು. ಫೋನಿಗೆ ಬೇಕಾದ್ದು ಸಣ್ಣ ಸಿಮ್, ಇವರದು ದೊಡ್ಡದು. ಅಳಿಯಂದಿರಿಗೆ ಫೋನ್ ಮಾಡಿದರೆ, ಬೀಗ ತೆಗೆಸಬೇಕಾದರೆ ಕಂಪನಿ ಹಾಗನ್ನುತ್ತೆ ಹೀಗನ್ನುತ್ತೆ ಎಂದು ರಾಗ ಎಳೆದರು. ಯಾವ ಕಂಪನಿ ಅಂತ ನಾನು ಕೇಳಲಿಲ್ಲ, ಹೇಳುವುದೂ ಇಲ್ಲ.

ಕಡೆಗೆ ನನ್ನನ್ನೂ ಕಟ್ಟಿಕೊಂಡು ಬೆಂಗಳೂರಿಗೆ ಹೊರಟರು. ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್. ಇಬ್ಬರು ಎದುರುಬದುರಾದರೆ ಒಬ್ಬರು ಅಂಗಡಿಯೊಳಗೆ ಹೊಕ್ಕು ದಾರಿ ಬಿಡಬೇಕಾದಂಥ ಓಣಿ. ಎಲ್ಲ ಅಂಗಡಿಯವರೂ "ಏನ್ ಬೇಕು ಸಾರ್" ಅನ್ನುವವರೇ. ಮೀಸೆ ಇನ್ನೂ ಮೂಡದ ಒಬ್ಬ ಹುಡುಗ ರಾಯರ ಸಿಮ್ ಈಸಿಕೊಂಡ. ಸ್ಟೇಪ್ಲರ್ ಜಾತಿಯ ಒಂದು ಕಟ್ಟರಿನ ಬಾಯಿಗಿಟ್ಟು ಕಟಕ್ ಅನ್ನಿಸಿದ. ರಾಯರು ಕಣ್ಣು ಮುಚ್ಚಿಕೊಂಡರು, ಅಷ್ಟೂ ನಂಬರು ಅದರಲ್ಲೇ ಇದ್ದವು. ಕತ್ತರಿಸಿದ ಚೂರಿನ ಕೆಳಗೆ ಈರುಳ್ಳಿ ಪೊರೆಯಷ್ಟು ತೆಳ್ಳಗಿನ ಇನ್ನೊಂದು ಚಿಪ್ಪು ಅಂಟಿಸಿದ. ಇದು ಟರ್ಬೊ ಸಿಮ್ ಅಂಕಲ್, ಇದು ಒಳಗಿದ್ರೆ ಫೋನು ತಾನು ಅಮೆರಿಕದಲ್ಲೇ ಇದೀನಿ ಅಂದುಕೊಳ್ಳುತ್ತೆ ಎಂದ. ಆಮೇಲೆ 112 ಒತ್ತಿ, ಕೂಡಲೇ ಕಟ್ ಮಾಡಿ, ಏರೋಪ್ಲೇನ್ ಗುರುತನ್ನು ಒಮ್ಮೆ ಒತ್ತಿ ಒಮ್ಮೆ ಬಿಟ್ಟ. ಮೇಲಿನ ಮೂಲೆಯಲ್ಲಿ ಕಡ್ಡಿಗಳು ಒಂದೊಂದಾಗಿ ಎದ್ದವು.

"ಆಫ್ ಆಗಿ ಆನ್ ಆದ್ರೆ ಪ್ರತಿ ಸಲಾನೂ ಇಷ್ಟೂ ಮಾಡ್ಬೇಕು ಅಂಕಲ್."

112 ಅಂದರೆ ತುರ್ತು ಕರೆಯ ನಂಬರು. ರಾಯರು ಅಂದಿನಿಂದ ಬ್ಯಾಟರಿ ಸತ್ತಾಗಲೆಲ್ಲ ತುರ್ತು ಕರೆ ಮಾಡಿ, ಯಾರಾದರೂ ಎತ್ತುವ ಮುಂಚೆ ಇಟ್ಟುಬಿಡುವ ಅಭ್ಯಾಸ ಮಾಡಿಕೊಂಡರು. ಒಂದು ಸಲ ಬೆರಳು ತಡವಾಗಿ ಆ ಕಡೆಯಿಂದ ಯಾರೋ "ಹಲೋ" ಅಂದರಂತೆ. ರಾಯರು ಗಾಬರಿಯಲ್ಲಿ "ರಾಂಗ್ ನಂಬರ್" ಅಂದರಂತೆ.

ಆ ಹುಡುಗ ಮಾಡಿದ್ದು ಅಮೆರಿಕದಲ್ಲಾದರೆ ಕೆಲಕಾಲ ಅಪರಾಧದ ಅಂಚಿಗೆ ಹೋಗಿತ್ತು ಗೊತ್ತೇ? ಮೊದಲ ಐಫೋನಿನ ಬೀಗ ಒಡೆದು ಹೆಸರಾದವನೂ ಒಬ್ಬ ಹುಡುಗನೇ, ರಾಯರ ಮಗಳು ಇರುವ ನ್ಯೂಜೆರ್ಸಿಯವನೇ. ಜಾರ್ಜ್ ಹಾಟ್ಜ್ ಅಂತ, ಆಗ ಹದಿನೇಳು ವರ್ಷ. ಫೋನ್ ಬಂದು ಎರಡು ತಿಂಗಳು ತುಂಬುವುದರೊಳಗೆ ಬಿಚ್ಚಿ, ಬೆಸುಗೆ ಹಾಕಿ, ಬೇರೆ ಕಂಪನಿಯ ಸಿಮ್ಮಿನಲ್ಲಿ ಮಾತಾಡಿಸಿಬಿಟ್ಟ. ಆ ಒಂದು ಫೋನನ್ನು ಕೊಟ್ಟು ನಿಸ್ಸಾನ್ ಸ್ಪೋರ್ಟ್ಸ್ ಕಾರು, ಜೊತೆಗೆ ಮೂರು ಹೊಸ ಐಫೋನು ಪಡೆದ. ನ್ಯಾಷನಲ್ ಮಾರ್ಕೆಟ್ಟಿನ ಹುಡುಗನಿಗೆ ಆ ಯೋಗ ಇರಲಿಲ್ಲ. ರಾಯರು ಅವನ ಹತ್ತಿರ ನೂರು ರೂಪಾಯಿ ಚೌಕಾಶಿ ಮಾಡಿದರು.

ಇನ್ನೊಂದು ತಮಾಷೆ. ಫೋನಿನ ಬೀಗ ಒಡೆಯಬಹುದೋ ಬಾರದೋ ಎಂದು ಅಲ್ಲಿ ಹೇಳುತ್ತಿದ್ದವರು ಪೊಲೀಸರಲ್ಲ, ಟೆಲಿಫೋನ್ ಇಲಾಖೆಯಲ್ಲ, ಲೈಬ್ರರಿ! ಫೋನಿನೊಳಗಿನ ತಂತ್ರಾಂಶ ಹಕ್ಕುಸ್ವಾಮ್ಯಕ್ಕೆ ಸೇರಿದ್ದಂತೆ, ಅದರ ರಿಯಾಯಿತಿಗಳು ಅಲ್ಲಿನ ಸಂಸತ್ತಿನ ಗ್ರಂಥಾಲಯದ ಮುಖ್ಯಸ್ಥರ ಕೈಯಲ್ಲಂತೆ. 2013ರ ಜನವರಿ ಕೊನೆಗೆ ಅವರು ಹೊಸ ಫೋನುಗಳಿಗೆ ಆ ರಿಯಾಯಿತಿ ನಿಲ್ಲಿಸಿದರು. ಜನ ಲಕ್ಷಕ್ಕೂ ಮೀರಿ ಸಹಿ ಹಾಕಿ ಶ್ವೇತಭವನಕ್ಕೆ ಅರ್ಜಿ ಕೊಟ್ಟರು. 2014ರ ಆಗಸ್ಟ್ 1ರಂದು ಒಬಾಮಾ ಅವರೇ ಕಾಯ್ದೆಗೆ ಸಹಿ ಹಾಕಿ ಬೀಗ ತೆಗೆಯಬಹುದು ಎನ್ನಬೇಕಾಯಿತು.

"ನಮ್ಮ ಸೆಂಟ್ರಲ್ ಲೈಬ್ರರಿಯೋರು ಇನ್ನೂ ವಾಸಿ ಕಣ್ರೀ" ಎಂದರು ರಾಯರು. "ಪುಸ್ತಕ ತಡವಾದ್ರೆ ದಂಡ ಹಾಕ್ತಾರೆ, ಫೋನಿನ ತಂಟೆಗೆ ಬರಲ್ಲ."

ಅಲ್ಲಿ ಐಫೋನ್ ಎರಡನೇ ಕಂಪನಿಗೆ ಕಾಲಿಡುವುದಕ್ಕೆ ಮೂರು ವಾರ ಮುಂಚೆ, 2011ರ ಜನವರಿ 20ಕ್ಕೆ, ನಮ್ಮಲ್ಲೂ ಒಂದು ಬಿಡುಗಡೆಯಾಗಿತ್ತು. ನಂಬರು ಬದಲಾಯಿಸದೆ ಕಂಪನಿ ಬದಲಾಯಿಸುವ ಪೋರ್ಟ್ ಸೌಲಭ್ಯ ದೇಶಕ್ಕೆಲ್ಲ ಬಂದದ್ದು ಅಂದು. ಸೆಟ್ಟು ಮೊದಲೇ ನಮ್ಮದು, ಈಗ ನಂಬರೂ ನಮ್ಮದು. 1900ಕ್ಕೆ ಒಂದು ಮೆಸೇಜ್ ಹಾಕಿದರೆ ಸಾಕು. ಕಂಪನಿಗಳಾದರೂ ಒಂದೇ ಎರಡೇ? ಏರ್‌ಟೆಲ್, ಬಿಎಸ್‌ಎನ್‌ಎಲ್, ವೊಡಾಫೋನ್, ಐಡಿಯಾ, ಏರ್‌ಸೆಲ್, ಟಾಟಾ ಡೊಕೊಮೊ, ರಿಲಯನ್ಸ್, ಎಂಟಿಎಸ್, ಯೂನಿನಾರ್. ಸೆಕೆಂಡಿಗೆ ಒಂದು ಪೈಸೆ ಅಂದರು ಡೊಕೊಮೊದವರು, ಉಳಿದವರೂ ವಿಧಿಯಿಲ್ಲದೆ ಅಂದರು. ನನ್ನ ಸೋದರಮಾವನ ಜೇಬಿನಲ್ಲಿ ನಾಲ್ಕು ಸಿಮ್ ಇರುತ್ತಿದ್ದವು, ರಾತ್ರಿಗೊಂದು, ಹೊರರಾಜ್ಯಕ್ಕೊಂದು, ಅತ್ತೆ ಮನೆಗೊಂದು. ಎರಡು ಸಿಮ್ಮಿನ ಮೈಕ್ರೊಮ್ಯಾಕ್ಸ್ ಸೆಟ್ಟುಗಳು ಬಂದಾಗ ಅವರಿಗೆ ಆದ ಸಂತೋಷ ಮಗಳ ಮದುವೆಯಲ್ಲೂ ಆದಂತೆ ಕಾಣಲಿಲ್ಲ.

ಆಮೇಲೆ 4ಜಿ ಬಂತು. ಸಿಡಿಎಂಎ, ಜಿಎಸ್‌ಎಂ ಪಂಗಡಗಳ ಜಗಳ ತಾನಾಗಿ ತಣ್ಣಗಾಯಿತು, ಅಮೆರಿಕದ ವೆರೈಝನ್ ಫೋನಿಗೂ ಸಿಮ್ ಬಂತು. ಈಗ ಪೇಟೆಯಲ್ಲಿ ಯಾವ ಸ್ಮಾರ್ಟ್‌ಫೋನ್ ತಂದರೂ ಯಾವ ಕಂಪನಿಯ ಸಿಮ್ಮಿಗೂ ಬಹುಮಟ್ಟಿಗೆ ಹೊಂದುತ್ತದೆ. ಅಲ್ಲಿಗೆ ರಾಯರು ಖುಷಿಯಾಗಿರಬೇಕಿತ್ತು.

ಆದರೆ ಲೆಕ್ಕ ನೋಡಿ. ಫೋನು ಎಲ್ಲ ಕಂಪನಿಗಳಿಗೂ ಸಲ್ಲುವ ಹೊತ್ತಿಗೆ ಕಂಪನಿಗಳೇ ಉಳಿದಿಲ್ಲ. 2012ರಲ್ಲಿ ಸುಪ್ರೀಂ ಕೋರ್ಟು 122 ಲೈಸೆನ್ಸ್ ರದ್ದು ಮಾಡಿತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಮಾತು ಪುಕ್ಕಟೆ ಅಂದಮೇಲೆ ಉಳಿದವರು ಒಬ್ಬೊಬ್ಬರಾಗಿ ಎದ್ದುಹೋದರು. ಏರ್‌ಸೆಲ್ ದಿವಾಳಿ ಎದ್ದಿತು, ಟಾಟಾದವರ ಗಿರಾಕಿಗಳು ಏರ್‌ಟೆಲ್‌ಗೆ ಹೋದರು, ವೊಡಾಫೋನು ಐಡಿಯಾ 2018ರಲ್ಲಿ ಒಂದಾದವು. ಉಳಿದದ್ದು ಖಾಸಗಿಯವರು ಮೂವರು, ಜೊತೆಗೆ ಬಿಎಸ್‌ಎನ್‌ಎಲ್. ಅಮೆರಿಕದಲ್ಲೂ ಅದೇ ಕತೆ. ಎಲ್ಲರಿಗಿಂತ ಕಡೆಗೆ ಐಫೋನ್ ಪಡೆದ ಟಿ-ಮೊಬೈಲ್ 2020ರ ಏಪ್ರಿಲ್‌ನಲ್ಲಿ ಸ್ಪ್ರಿಂಟನ್ನೇ ಸೇರಿಸಿಕೊಂಡಿತು. "ಈಗ ಕೇಳಿಸ್ತಿದೆಯಾ" ಎಂದವನು ಹೋಗಿ ಸೇರಿದ್ದ ಕಂಪನಿಯೂ ಇಲ್ಲವಾಯಿತು.

2024ರ ಜೂನ್ ಕೊನೆಯಲ್ಲಿ ಒಂದು ಸಂಜೆ ರಾಯರು ಇದ್ದ ಕಂಪನಿ ದರ ಏರಿಸುವುದಾಗಿ ಹೇಳಿತು. ರಾಯರು ಕೆಂಡವಾದರು. ಆ ಸಂಜೆಯೇ 1900ಕ್ಕೆ ಮೆಸೇಜ್ ಹೋಯಿತು, ರಾತ್ರಿ ಅಂಗಡಿ ಬಾಗಿಲು ಹಾಕುವ ಮುಂಚೆ ಇನ್ನೊಂದು ಕಂಪನಿಯ ಸಿಮ್ ಕೈಗೆ ಬಂತು. ಬೆಳಿಗ್ಗೆ ಪೇಪರು ನೋಡಿದರೆ ಉಳಿದವರೂ ಏರಿಸುತ್ತಾರಂತೆ. ಜುಲೈ 3, 4ರ ಹೊತ್ತಿಗೆ ಮೂವರದೂ ಏರಿತು. ಬೀದಿಯಲ್ಲಿ ಕೆಲವರು ಬಿಎಸ್‌ಎನ್‌ಎಲ್‌ಗೆ ಹೋದರು. ಅವರ 4ಜಿ ಟವರುಗಳು ಆಗಿನ್ನೂ ಏಳುತ್ತಿದ್ದವು, ಮಗಳ ವಿಡಿಯೊ ಕಾಲಿಗೆ ತೊಂದರೆ ಆದೀತೆಂದು ರಾಯರ ಹೆಂಡತಿ ಬೇಡವೆಂದರು. "ಹೋಗ್ಲಿ, ಆಷಾಢ ಹಿಡಿಯೋದ್ರೊಳಗೆ ಆಯ್ತಲ್ಲ" ಎಂದು ಸಮಾಧಾನ ಪಟ್ಟುಕೊಂಡರು.

ಹೊಸ ಸಿಮ್ ಜೀವ ತಳೆದದ್ದು ಜುಲೈ 4ಕ್ಕೆ. ಮನೆಯೊಳಗೆ ಅದಕ್ಕೆ ಟವರೇ ಸಿಗದು. ನಡುಮನೆಯಲ್ಲಿ ಒಂದು ಕಡ್ಡಿ, ದೇವರಮನೆಯಲ್ಲಿ ಅದೂ ಇಲ್ಲ, ಮಾತಾಡಬೇಕಾದರೆ ಹಿತ್ತಿಲ ತುಳಸಿ ಕಟ್ಟೆಯೇ ಆಗಬೇಕು. ತಿರುಗಿ ಪೋರ್ಟ್ ಆಗೋಣವೆಂದರೆ ಒಂದು ಕಂಪನಿಗೆ ಹೋದಮೇಲೆ 90 ದಿನ ಅಲ್ಲೇ ಇರಬೇಕೆಂದು ನಿಯಮ. ರಾಯರು ಒಂಟಿಕೊಪ್ಪಲ್ ಪಂಚಾಂಗ ತೆಗೆದು, ಬೆರಳು ಮಡಿಸಿ ಎಣಿಸಿದರು. ತೊಂಬತ್ತು ತುಂಬುವುದು ಅಕ್ಟೋಬರ್ 2ಕ್ಕೆ. ಸರಿಯಾಗಿ ಮಹಾಲಯ ಅಮಾವಾಸ್ಯೆ.

"ಪಕ್ಷದಲ್ಲಿ ಹೊಸದು ಯಾವ್ದೂ ಬೇಡ್ರೀ" ಎಂದು ಒಳಗಿನಿಂದ ಅಪ್ಪಣೆಯಾಯಿತು. ಮಾರನೆಯ ದಿನದಿಂದ ನವರಾತ್ರಿ, ಪಟ್ಟದ ಗೊಂಬೆ ಕೂರಿಸುವ ಗದ್ದಲ. ಮೆಟ್ಟಿಲು ಜೋಡಿಸುವುದು, ಗೊಂಬೆಗಳ ಧೂಳು ಒರೆಸುವುದು, ದಿನಕ್ಕೊಂದು ಚರಪು. ಸಿಮ್ಮಿನ ಮಾತೆತ್ತಲು ರಾಯರಿಗೆ ಧೈರ್ಯ ಬರಲಿಲ್ಲ. ಅಂತೂ ವಿಜಯದಶಮಿಯ ಬೆಳಿಗ್ಗೆ, ಒಳ್ಳೆ ಮುಹೂರ್ತ ಅಂತ, ತುಳಸಿ ಕಟ್ಟೆಯ ಹತ್ತಿರ ನಿಂತು 1900ಕ್ಕೆ ಮೆಸೇಜ್ ಹಾಕಿದರು.

"ಈ ಸಲ ಯಾವ ಕಂಪನಿ ರಾಯರೇ?" ಎಂದೆ.

"ಇನ್ಯಾವುದಿದೆ? ಮೊದಲು ಬಿಟ್ಟುಬಂದದ್ದೇ. ಹೊಸ ಗಿರಾಕಿಗಳಿಗೆ ಅವರ ಹತ್ರ ಏನೋ ಆಫರ್ ಇದೆಯಂತೆ."